ಕಂಪ್ಯೂಟರ್ ಎಲ್ಲಿ ಕಾಯುತ್ತದೆ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಪುಟ್ಟ ಅಂಗಡಿಯಲ್ಲಾಗಲಿ ಕಂಪ್ಯೂಟರ್ ಕೊಳ್ಳುವ ಮಾತು ಶುರುವಾಗುವುದು ಪ್ರೊಸೆಸರ್‌ನಿಂದಲೇ. ಐ3 ಸಾಕಾ, ಐ5 ಬೇಕಾ, ಐ7 ಹಾಕಿಬಿಡೋಣವಾ? ಅಂಕಿ ದೊಡ್ಡದಾದಷ್ಟೂ ವೇಗ ಹೆಚ್ಚು ಎಂದು ನಂಬಿ, ಮಕ್ಕಳ ಓದಿಗೆಂದು ಕೂಡಿಟ್ಟ ಹಣದ ಬಹುಪಾಲನ್ನು ಆ ಒಂದು ಚಿಪ್‌ಗೆ ಸುರಿಯುವವರಿದ್ದಾರೆ. ಆದರೆ ಬ್ರೌಸರ್, ಟೈಪಿಂಗ್, ಟ್ಯಾಲಿ, ಆನ್‌ಲೈನ್ ತರಗತಿಗಳಿಗೆಂದು ಕೊಂಡ ಯಂತ್ರ ಪ್ರೊಸೆಸರ್ ಸಾಲದೆ ಒದ್ದಾಡುವುದು ಅಪರೂಪ. ಡಿಸ್ಕ್‌ನಿಂದ ಮಾಹಿತಿ ಬರಲೆಂದು ಪ್ರೊಸೆಸರೇ ಕೈಕಟ್ಟಿ ಕೂತಿರುತ್ತದೆ. ಹಣ ಹಾಕಬೇಕಾದದ್ದು ಆ ಕಾಯುವಿಕೆ ತಗ್ಗುವ ಕಡೆಗೆ.

ಐ7 ಎಂಬ ಹೆಸರೊಂದೇ ಏನನ್ನೂ ಹೇಳುವುದಿಲ್ಲ. ಇಂಟೆಲ್ ಅದನ್ನು ಬಳಕೆಗೆ ತಂದದ್ದು 2008ರಲ್ಲಿ. ಆಮೇಲೆ ಅದೇ ಹೆಸರಿನಡಿ ತೀರಾ ಬೇರೆಬೇರೆ ಚಿಪ್‌ಗಳು ಬಂದಿವೆ. 2011ರ ಐ7-2600ಕ್ಕೆ ನಾಲ್ಕು ಕೋರ್, ಎಂಟು ಥ್ರೆಡ್. 2022ರ ಐ3-12100ಕ್ಕೂ ಅಷ್ಟೇ, ಅದರ ಒಂದೊಂದು ಕೋರ್ ಮಾತ್ರ ಹಳೆಯದಕ್ಕಿಂತ ಬಹಳ ಚುರುಕು. 2016ರಲ್ಲಿ ಲ್ಯಾಪ್‌ಟಾಪ್‌ಗಳಿಗೆಂದು ಬಂದ ಐ7-7500ಯು ಚಿಪ್‌ಗೆ ಇದ್ದದ್ದು ಎರಡೇ ಕೋರ್. ಮರುವರ್ಷದ ಐ5-8250ಯುಗೆ ನಾಲ್ಕು. ಹಾಗಾಗಿ ಈ ಸರಣಿಯಲ್ಲಿ ಗೆರೆಯ ನಂತರದ ಅಂಕಿಗಳನ್ನು ಓದಬೇಕು: ಮೊದಲ ಒಂದೆರಡು ಅಂಕಿ ಚಿಪ್‌ನ ತಲೆಮಾರನ್ನು ತಿಳಿಸುತ್ತವೆ. ಕೊನೆಯ ಅಕ್ಷರ ‘ಎಫ್’ ಆಗಿದ್ದರೆ ಚಿಪ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಕೊಳ್ಳದೆ ಪರದೆಯ ಮೇಲೆ ಏನೂ ಮೂಡದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ತಲೆಮಾರು ಇನ್ನೂ ಮುಖ್ಯ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ, ಕೆಲವೇ ಚಿಪ್‌ಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಬೇಕು. ಅಗ್ಗಕ್ಕೆ ಸಿಗುವ ನಾಲ್ಕನೇ ತಲೆಮಾರಿನ ಐ7 ಈ ಪಟ್ಟಿಯಲ್ಲಿಲ್ಲ.

ಈಗ ಡಿಸ್ಕ್‌ಗೆ ಬರೋಣ. ಹಾರ್ಡ್‌ಡಿಸ್ಕ್‌ನೊಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಅತ್ತಿತ್ತ ಸರಿಯುವ ಓದುಮುಳ್ಳಿದೆ. ಡೆಸ್ಕ್‌ಟಾಪ್‌ನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ಹೊಡೆಯುತ್ತದೆ. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಸುಮಾರು 4 ಮಿಲಿಸೆಕೆಂಡ್. ಮುಳ್ಳು ಸರಿದು ನಿಲ್ಲಲು ಇನ್ನೂ 8-9. ಲೆಕ್ಕ ಹಾಕಿದರೆ, ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಎಂಬತ್ತರಷ್ಟು ಸಲ ಮಾತ್ರ ಹೆಕ್ಕಬಹುದು. ವಿಂಡೋಸ್ ಏಳುವಾಗ ಬೇಕಾಗುವುದು ಇಂಥ ಸಾವಿರಾರು ತುಣುಕುಗಳು. 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಐ3 ಇರಲಿ, ಐ7 ಇರಲಿ, ಆ ಮಿಡಿತದ ಬಹುಭಾಗ ವ್ಯರ್ಥ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಲ್ಲಿ ಒಂದು ಹುಡುಕಾಟ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಹಳೆಯ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ ಹಾಕಿಸಿದರೆ ಹೊಸದರಂತೆ ಓಡುವುದು ಇದಕ್ಕೇ. ಸೆಕೆಂಡಿಗೆ 550 ಎಂಬಿ ಓದುವ ಸಾಟಾ ಎಸ್‌ಎಸ್‌ಡಿಯ ಬದಲು 3000 ದಾಟುವ ಎನ್‌ವಿಎಂಇ ಹಾಕಿಸಿದರೆ ಮಾತ್ರ ದಿನದ ಕೆಲಸದಲ್ಲಿ ಅಷ್ಟೇನೂ ಫರಕು ಕಾಣದು. ದೊಡ್ಡ ನೆಗೆತ ಮೊದಲನೆಯದೇ.

ರ‍್ಯಾಮ್ ಕೂಡ ಇದೇ ಕತೆಯ ಭಾಗ. ಅದು ತುಂಬಿದಾಗ ವಿಂಡೋಸ್ ಹೆಚ್ಚುವರಿಯನ್ನು ಡಿಸ್ಕ್‌ಗೆ ದಾಟಿಸುತ್ತದೆ, ಮತ್ತೆ ಕಾಯುವಿಕೆ ಶುರು. ವಿಂಡೋಸ್ 11 ಕೇಳುವ ಕನಿಷ್ಠ 4 ಜಿಬಿ ಕಾಗದದ ಮೇಲಿನ ಮಾತು. ಬ್ರೌಸರ್‌ನಲ್ಲಿ ಹತ್ತಿಪ್ಪತ್ತು ಟ್ಯಾಬ್ ತೆರೆಯುವವರು 16ಕ್ಕೆ ಹೋಗುವುದು ಒಳ್ಳೆಯದು, 8 ಜಿಬಿಯಲ್ಲಿ ಸುಧಾರಿಸಬಹುದು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ: ರ‍್ಯಾಮ್, ಎಸ್‌ಎಸ್‌ಡಿ ಮುಂದೆ ಯಾವಾಗ ಬೇಕಾದರೂ ಹಾಕಿಸಬಹುದು, ಪ್ರೊಸೆಸರ್ ಬದಲಿಸುವುದು ಕಷ್ಟ, ಹಾಗಿದ್ದರೆ ಮೊದಲೇ ಒಳ್ಳೆಯದನ್ನು ಕೊಳ್ಳುವುದು ಸರಿಯಲ್ಲವೇ? ಡೆಸ್ಕ್‌ಟಾಪ್‌ನ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. ಆದರೆ ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ, ಕೊಂಡ ದಿನ ಇದ್ದಷ್ಟೇ ಕೊನೆಯವರೆಗೆ. ಅಲ್ಲಿ ವಾದ ತಿರುಗುಮುರುಗಾಗುತ್ತದೆ. ಡೆಸ್ಕ್‌ಟಾಪ್‌ನಲ್ಲೂ ಮದರ್‌ಬೋರ್ಡ್ ನೋಡಿ ಕೊಂಡರೆ ಪ್ರೊಸೆಸರ್ ಬದಲಿಸಬಹುದು: ಎಎಂಡಿಯ ಎಎಂ4 ಸಾಕೆಟ್‌ಗೆ 2017ರಲ್ಲಿ ಮೊದಲ ರೈಜೆನ್ ಬಂತು, 2022ರಲ್ಲೂ ಹೊಸ ಚಿಪ್‌ಗಳು ಬರುತ್ತಿದ್ದವು. ವಿಡಿಯೊ ಎಡಿಟಿಂಗ್, ತ್ರಿಡಿ ವಿನ್ಯಾಸ, ದೊಡ್ಡ ಗೇಮ್‌ಗಳ ವಿಷಯ ಬೇರೆ. ಅಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳೇ ನಿಜವಾಗಿ ಬೆವರುವುದು. ಅವಕ್ಕೆ ಹಣ ಹಾಕಲೇಬೇಕು.

ಅಸೆಂಬಲ್ ಮಾಡಿಸುವವರು ಬೆಲೆ ತಗ್ಗಿಸಲು ಮೊದಲು ಕತ್ತರಿ ಹಾಕುವುದು ಯಂತ್ರದ ಭಾಗಗಳಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ಗೆ. ಕ್ಯಾಬಿನೆಟ್ ಜೊತೆ ಸಿಗುವ ಅಗ್ಗದ್ದರ ಮೇಲೆ ಬರೆದ ವಾಟ್‌ಗೂ ಅದು ನಿಜಕ್ಕೂ ತಡೆದುಕೊಳ್ಳುವುದಕ್ಕೂ ತಾಳೆಯಾಗದೇ ಇರಬಹುದು, ಮತ್ತು ಅದು ಸುಟ್ಟಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಕರೆಂಟ್ ಏರಿಳಿಯುವ ಊರುಗಳಲ್ಲಿ ಈ ಉಳಿತಾಯ ಬೇಡವೇ ಬೇಡ. ಕೊಟೇಶನ್‌ನಲ್ಲಿ ಬರೀ ‘ಎಸ್‌ಎಂಪಿಎಸ್’ ಎಂದಿದ್ದರೆ ಕಂಪನಿ, ಮಾಡೆಲ್, ವಾರಂಟಿ ಎಷ್ಟು ವರ್ಷ ಎಂಬುದನ್ನೂ ಬರೆಸಿಕೊಂಡೇ ಮುಂಗಡ ಕೊಡಿ.