ಮೈಕಿಗೆ ಎಲ್ಲವೂ ಕೇಳಿಸುತ್ತದೆ!

ಅದು 1902ರ ನವೆಂಬರ್ ತಿಂಗಳು. ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಹಾಡುತ್ತಿದ್ದರು. ಅವರ ಮುಂದಿದ್ದುದು ಗ್ರಾಮಫೋನ್ ಕಂಪನಿಯವರು ತಂದಿದ್ದ ದೊಡ್ಡ ಕಹಳೆ. ದನಿಯ ಬಲವೊಂದರಿಂದಲೇ ಕಹಳೆಯ ತುದಿಯ ಸೂಜಿ ಅಲುಗಿ, ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕಿತ್ತು. ಹೀಗಾಗಿ ಗಂಟಲೆತ್ತಿ ಹಾಡದೆ ಗತ್ಯಂತರವಿರಲಿಲ್ಲ.

1925ರ ಸುಮಾರಿಗೆ ವಿದ್ಯುತ್ ಮೈಕುಗಳು ಧ್ವನಿಮುದ್ರಣಕ್ಕೆ ಬಂದವು. ಪಿಸುದನಿಯೂ ದಾಖಲಾಗತೊಡಗಿತು. ಜೊತೆಗೆ ಫ್ಯಾನಿನ ಸದ್ದು, ಉಸಿರಿನ ಸದ್ದು, ಗೋಡೆಗೆ ಬಡಿದು ಮರಳುವ ದನಿ ಕೂಡ! ನಮ್ಮ ಮಿದುಳು ಬೇಡದ ಸದ್ದನ್ನು ಬದಿಗಿಟ್ಟು ಬೇಕಾದುದನ್ನಷ್ಟೇ ಗಮನಿಸುತ್ತದೆ. ಮೈಕಿಗೆ ಆ ವಿವೇಕವೆಲ್ಲಿ?

ಇಂದು ಮೈಕು, ಕಂಪ್ಯೂಟರ್ ಇದ್ದರೆ ಮನೆಯ ಕೋಣೆಯೇ ಸ್ಟುಡಿಯೋ. ಭಾವಗೀತೆ, ದಾಸರ ಪದಗಳನ್ನು ಮನೆಯಲ್ಲೇ ಮುದ್ರಿಸಿಕೊಳ್ಳುವವರಿಗೆ ಲೆಕ್ಕವಿಲ್ಲ. ‘ತಪ್ಪಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಿದರಾಯಿತು’ ಎಂಬ ಧೈರ್ಯ ಹಲವರದು. ಈ ಧೈರ್ಯ ಎಷ್ಟು ಸರಿ?

ಮೈಕಿನ ಬಗೆ

ಗಾಯನಕ್ಕೆ ಬಳಸುವ ಮೈಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ‘ಡೈನಮಿಕ್’ ಮೈಕಿನಲ್ಲಿ ಪೊರೆಗೆ ಅಂಟಿಸಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಉಂಟಾಗುತ್ತದೆ. ಇದು ಗಟ್ಟಿಮುಟ್ಟು, ವೇದಿಕೆಗೆ ಹೇಳಿಮಾಡಿಸಿದ್ದು. ‘ಕಂಡೆನ್ಸರ್’ ಮೈಕಿನ ಪೊರೆ ಅತಿ ತೆಳು. ಅದಕ್ಕೆ ಹೊರಗಿನಿಂದ, ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ ಕೊಡಬೇಕು. ಹಗುರವಾದ ಪೊರೆ ದನಿಯ ಸೂಕ್ಷ್ಮ ಕಂಪನಗಳನ್ನೂ ಹಿಂಬಾಲಿಸುವುದರಿಂದ ಸ್ಟುಡಿಯೋಗಳಲ್ಲಿ ಇದಕ್ಕೇ ಮಣೆ. ಆದರೆ ಗದ್ದಲದ ಕೋಣೆಯಲ್ಲಿ ಡೈನಮಿಕ್ ಮೈಕನ್ನು ಬಾಯಿಯ ಸಮೀಪ ಹಿಡಿದು ಹಾಡುವುದೇ ಲೇಸು.

ಮಹಾಪ್ರಾಣದ ಹೊಡೆತ

ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಮೊದಲು ‘ಬ’, ಆಮೇಲೆ ‘ಭ’ ಎಂದು ಹೇಳಿ ನೋಡಿ. ಎರಡನೆಯದಕ್ಕೆ ಗಾಳಿ ಅಂಗೈಗೆ ಬಡಿಯುತ್ತದಲ್ಲವೆ? ಮೈಕಿನ ಪೊರೆಗೂ ಅದೇ ಹೊಡೆತ. ‘ಭಾವ’, ‘ಫಲ’ ಎಂದಾಗ ‘ಧಬ್’ ಎಂಬ ಸದ್ದು ಮುದ್ರಣವಾಗುವುದು ಇದರಿಂದಲೇ. ಕಸೂತಿಯ ಬಳೆಗೆ ತೆಳುವಾದ ನೈಲಾನ್ ಬಟ್ಟೆ ಬಿಗಿದು ಬಾಯಿಗೂ ಮೈಕಿಗೂ ನಡುವೆ ಇಟ್ಟರೆ ಗಾಳಿಯ ರಭಸ ತಗ್ಗುತ್ತದೆ, ದನಿ ದಾಟುತ್ತದೆ. ಮೈಕನ್ನು ತುಸು ಓರೆಯಾಗಿಟ್ಟರೆ ಇನ್ನೂ ಒಳ್ಳೆಯದು.

ಬಾಯಿಗೂ ಮೈಕಿಗೂ ಸುಮಾರು ಒಂದು ಗೇಣು ಅಂತರವಿರಲಿ. ಒಂದು ದಿಕ್ಕಿಗೆ ಹೆಚ್ಚು ಕಿವಿಗೊಡುವ ಮೈಕುಗಳಿಗೆ ತೀರಾ ಹತ್ತಿರವಾದರೆ ಮಂದ್ರದ ಕಂಪನಗಳು ಉಬ್ಬಿ ಮಾತು ಮಸುಕಾಗುತ್ತದೆ. ದೂರವಾದರೆ ಕೋಣೆಯ ದನಿಯೇ ಮೇಲುಗೈ.

ಗೋಡೆಯ ಪಾಲು

ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. 1.7 ಮೀಟರ್ ದೂರದ ಗೋಡೆಗೆ ಬಡಿದು ಮರಳಲು ಅದಕ್ಕೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಹೀಗೆ ಮರಳಿದ ದನಿ ಮೂಲ ದನಿಯೊಡನೆ ಬೆರೆತು ಕೆಲವು ಕಂಪನಗಳನ್ನು ಹಿಗ್ಗಿಸುತ್ತದೆ, ಕೆಲವನ್ನು ಅಳಿಸುತ್ತದೆ. ಡಬ್ಬಿಯೊಳಗೆ ಹಾಡಿದಂತೆ ಕೇಳಿಸುವುದು ಆಗಲೇ. ಹಾಲಿನಲ್ಲಿ ಬೆರೆತ ನೀರಿನಂತೆ ಇದನ್ನು ಆಮೇಲೆ ಪೂರ್ತಿಯಾಗಿ ಬೇರ್ಪಡಿಸಲಾಗದು. ಗಾಯಕರ ಹಿಂದೆ, ಪಕ್ಕದಲ್ಲಿ ದಪ್ಪ ರಜಾಯಿ ತೂಗುಬಿಟ್ಟರೆ ಅರ್ಧ ತೊಂದರೆ ತೀರಿತು.

ಇನ್ನೊಂದು ಎಚ್ಚರಿಕೆ. ದನಿಯ ಮಟ್ಟ ಯಂತ್ರದ ಮಿತಿ ಮೀರಿದರೆ ಅಲೆಗಳ ನೆತ್ತಿ ಕತ್ತರಿಸಿ ಹೋಗಿ ಕರ್ಕಶವಾಗುತ್ತದೆ. ತಾರಸ್ಥಾಯಿಯನ್ನು ಒಮ್ಮೆ ಹಾಡಿ ನೋಡಿ, ಮಿತಿಗಿಂತ ಸುಮಾರು 10 ಡೆಸಿಬೆಲ್ ಕೆಳಗೇ ಮಟ್ಟವನ್ನು ನಿಲ್ಲಿಸಬೇಕು.

ಗಮಕವೂ ತಪ್ಪೇ?

ಮುದ್ರಣದ ಬಳಿಕ ಸಂಸ್ಕರಣೆ. ‘ಈಕ್ವಲೈಸರ್’ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಡುವಿಕೆಯನ್ನು ತೆಗೆಯಬಲ್ಲದು. ‘ಡಿ-ಎಸ್ಸರ್’ ಸ, ಶ, ಷಗಳ ಸೀಟಿಯಂಥ ಸದ್ದನ್ನು ತಗ್ಗಿಸುತ್ತದೆ. ‘ಕಂಪ್ರೆಸರ್’ ಜೋರು ದನಿಯನ್ನು ಅದುಮುತ್ತದೆ. ಅದನ್ನು 4:1ಕ್ಕೆ ಇಟ್ಟರೆ, ಗೊತ್ತುಪಡಿಸಿದ ಮಟ್ಟವನ್ನು 8 ಡೆಸಿಬೆಲ್ ಮೀರಿದ ದನಿ 2 ಡೆಸಿಬೆಲ್ ಮಾತ್ರ ಮೀರುತ್ತದೆ. ಇದರಿಂದ ಸಾಲಿನ ಕೊನೆಯಲ್ಲಿ ಇಳಿಯುವ ಪದವೂ ಕೇಳಿಸುವಂತೆ ಒಟ್ಟು ಮಟ್ಟವನ್ನು ಏರಿಸಬಹುದು. ಅತಿಯಾದರೆ? ಫ್ಯಾನಿನ ಸದ್ದೂ ಏರುತ್ತದೆ, ಹಾಡಿನ ಏರಿಳಿತ ಸಪಾಟಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಶ್ರುತಿ ತಿದ್ದುವ ತಂತ್ರಾಂಶ. ತೈಲ ಶೋಧನೆಗಾಗಿ ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸಿದ್ದ ಅಮೆರಿಕದ ಆಂಡಿ ಹಿಲ್ಡೆಬ್ರಾಂಡ್ ಅಂಥದೇ ಗಣಿತ ಬಳಸಿ ರೂಪಿಸಿದ ‘ಆಟೊಟ್ಯೂನ್’ 1997ರಲ್ಲಿ ಮಾರುಕಟ್ಟೆಗೆ ಬಂತು. ತಪ್ಪಿದ ಸ್ವರವನ್ನು ಅದು ಹತ್ತಿರದ ನಿಗದಿತ ಸ್ವರಕ್ಕೆ ಎಳೆದು ಕೂರಿಸುತ್ತದೆ. ಪಿಯಾನೋದ ಮನೆಗಳಂತೆ ಸ್ವರಗಳನ್ನು ನಿಲ್ಲಿಸುವ ಸಂಗೀತಕ್ಕೆ ಇದು ಸರಿ. ನಮ್ಮ ಗಮಕಗಳೋ, ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಹಾದಿಯಲ್ಲೇ ಬದುಕುತ್ತವೆ. ಬಿಗಿಯಾಗಿ ಹೊಂದಿಸಿದ ಯಂತ್ರಕ್ಕೆ ಆ ತೂಗಾಟವೂ ದೋಷವೇ! ವರ್ಷಗಟ್ಟಲೆ ಸಾಧನೆಯಿಂದ ಬಂದದ್ದನ್ನು ಅದು ಕ್ಷಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದುಬಿಡುತ್ತದೆ.

ಆದ್ದರಿಂದ ಒಂದು ಪಲ್ಲವಿಯನ್ನಷ್ಟೇ ಮೊದಲು ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಬೇಕು. ದೋಷ ಕಂಡರೆ ಮೊದಲು ಮೈಕಿನ ಜಾಗ ಬದಲಿಸಿ ನೋಡಬೇಕು, ಗುಂಡಿ ತಿರುಗಿಸುವುದು ಆಮೇಲೆ. ಸಂಸ್ಕರಣೆಗೆ ಮುನ್ನ ಮೂಲ ಮುದ್ರಣದ ಒಂದು ಪ್ರತಿಯನ್ನು ತಿದ್ದದೆ ಬೇರೆಯಾಗಿ ತೆಗೆದಿಡಬೇಕು. ಯಂತ್ರ ಅಳಿಸಿದ ಗಮಕವನ್ನು ಮರಳಿ ಪಡೆಯಲು ಉಳಿಯುವುದು ಆ ಪ್ರತಿಯೊಂದೇ.