ಕಟಾಡಿನ್ ಬೆಟ್ಟದಲ್ಲಿ ಒಂದು ಮೈಲಿ

ಬೆಟ್ಟವೆಂದೊಡನೆ ನಮಗೆ ಮೆಟ್ಟಿಲು, ಮಂಟಪ, ನೆತ್ತಿಯ ಮೇಲಿನ ಗುಡಿ ನೆನಪಾಗುತ್ತವೆ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿರುವ ಕಟಾಡಿನ್ ಬೆಟ್ಟದಲ್ಲಿ ಇವು ಯಾವುವೂ ಇಲ್ಲ. ಇರುವುದು ಕಾಡು, ಬಂಡೆ, ಗಾಳಿ. ಅಲ್ಲಿನ ಮೂಲನಿವಾಸಿಗಳಾದ ಪೆನಾಬ್‌ಸ್ಕಾಟ್ ಜನರ ಮಾತಿನಲ್ಲಿ ಆ ಹೆಸರಿಗೆ ‘ಹಿರಿಯ ಬೆಟ್ಟ’ ಎಂದೇ ಅರ್ಥ.

ಎತ್ತರದಲ್ಲಿ ಅದು ನಮ್ಮ ಕುಮಾರಪರ್ವತಕ್ಕಿಂತ ತುಸು ಕಡಿಮೆ, ಸುಮಾರು 5,270 ಅಡಿ. ಆದರೆ ಬೆಟ್ಟದ ಕಾಠಿಣ್ಯವನ್ನು ಎತ್ತರವೊಂದರಿಂದಲೇ ಅಳೆಯಲಾಗದು. ಅಷ್ಟು ಉತ್ತರದ ಚಳಿಯಲ್ಲಿ 4,000 ಅಡಿ ಮುಟ್ಟುವುದರೊಳಗೆ ಮರಗಳು ಮುಗಿಯುತ್ತವೆ. ಫರ್, ಸ್ಪ್ರೂಸ್ ಮರಗಳು ಮೊದಲು ಮೊಣಕಾಲೆತ್ತರಕ್ಕೆ ಕುಗ್ಗುತ್ತವೆ. ಅನಂತರ ಬರಿಯ ಗ್ರಾನೈಟ್ ಬಂಡೆ, ಕಲ್ಲುಹೂವು. ಗಾಳಿಮಳೆಗೆ ಮರೆಯೆಂಬುದಿಲ್ಲ. ಹಿಮಯುಗದ ಹಿಮನದಿಗಳು ಪಕ್ಕೆಗಳನ್ನು ಕೊರೆದುದರಿಂದ ಶಿಖರದ ಆಚೆಗೆ ಒಂದು ಮೈಲಿಗೂ ಮಿಕ್ಕ ಕಲ್ಲಿನ ಏಣೊಂದು ಉಳಿದಿದೆ. ‘ಚೂರಿಯ ಅಲಗು’ ಎಂದು ಅದಕ್ಕೆ ಹೆಸರು. ಕೆಲವೆಡೆ ಅಗಲ ಮೂರೇ ಅಡಿ. ಎರಡೂ ಕಡೆ ಪ್ರಪಾತ. ಶಿಖರದಲ್ಲಿ ನಿಂತು ಅದನ್ನೊಮ್ಮೆ ಕಣ್ಣಾರೆ ಕಾಣಬೇಕೆಂಬುದು ನನ್ನ ಆಸೆಯಾಗಿತ್ತು.

ಒಂದು ಸೆಪ್ಟೆಂಬರ್ ತಿಂಗಳಲ್ಲಿ ಮಗನೊಡನೆ ಬೆಳಕು ಹರಿಯುವ ಮೊದಲೇ ಹೊರಟೆ. ದಾರಿ ಐದು ಮೈಲಿ, ಏರು 4,000 ಅಡಿಗೂ ಹೆಚ್ಚು. ಕೈಕಾಲು ನಾಲ್ಕನ್ನೂ ಊರಿ ಬಂಡೆಗಳನ್ನು ಹತ್ತಿ, ಮೇಲಿನ ಬಯಲನ್ನು ಸೇರುವಾಗ ಮಧ್ಯಾಹ್ನ ಕಳೆದಿತ್ತು. ಅಲ್ಲೊಂದು ಪುಟ್ಟ ಒರತೆಯಿದೆ. ಶಿಖರ ಅಲ್ಲಿಂದ ಒಂದೇ ಮೈಲಿ. ಅಷ್ಟರಲ್ಲಿ ಮೋಡ ಕವಿಯಿತು. ಮುಂದಿನ ಗುರುತುಗಲ್ಲು ಕಾಣದಾಯಿತು.

“ಇನ್ನೊಂದೇ ಮೈಲಿ, ಅಪ್ಪ” ಎಂದ ಮಗ. ನನ್ನ ಮೊಣಕಾಲು ನಡುಗುತ್ತಿತ್ತು. ಹತ್ತಿದಷ್ಟೇ ಹೊತ್ತು ಇಳಿಯಲೂ ಬೇಕು. ಕತ್ತಲಾದ ಮೇಲೆ ಆ ಬಂಡೆಗಳಲ್ಲಿ ಕಾಲಿಡುವುದೆಲ್ಲಿ? ಹಿಂದಿರುಗೋಣವೆಂದೆ. ಹಾಗೆನ್ನುವಾಗ ನಾಚಿಕೆಯಾಯಿತೆಂಬುದನ್ನು ಮುಚ್ಚಿಡಲಾರೆ. ಆ ಒರತೆಗೆ ಇಟ್ಟಿರುವುದು ಲೇಖಕ ಥೋರೋನ ಹೆಸರು. ಅವನೂ 1846ರಲ್ಲಿ ಇದೇ ಬೆಟ್ಟದಲ್ಲಿ ಮೋಡಕ್ಕೆ ಸಿಕ್ಕಿ ತುದಿ ಮುಟ್ಟದೆ ಇಳಿದವನೆಂಬುದಷ್ಟೇ ನನಗೆ ಆಗ ದೊರೆತ ಸಮಾಧಾನ.

ಇಳಿಯುವಾಗ ಮಗ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇರಲಿ ಬಿಡಪ್ಪ, ಬೆಟ್ಟ ಎಲ್ಲಿಗೆ ಹೋಗುತ್ತದೆ?” ಎಂದ.

ಬೆಟ್ಟ ಉಳಿದಿರುವುದು ತಾನಾಗಿಯೇ ಅಲ್ಲ. ಆ ರಾಜ್ಯದ ಗವರ್ನರಾಗಿದ್ದ ಪರ್ಸಿವಲ್ ಬ್ಯಾಕ್ಸ್‌ಟರ್ ಅದನ್ನು ಸರ್ಕಾರದಿಂದ ಕೊಳ್ಳಿಸಲು ಯತ್ನಿಸಿ ಸೋತರು. ಅಧಿಕಾರ ಬಿಟ್ಟ ಮೇಲೆ, 1930ರಲ್ಲಿ, ಸ್ವಂತ ಹಣದಿಂದ ಸುಮಾರು 6,000 ಎಕರೆ ಕೊಂಡು ರಾಜ್ಯಕ್ಕೆ ಒಪ್ಪಿಸಿದರು. 1962ರವರೆಗೂ ಹೀಗೆ ಕೊಳ್ಳುತ್ತ, ಕೊಡುತ್ತ, ಎರಡು ಲಕ್ಷ ಎಕರೆ ದಾಟಿಸಿದರು. ಅವರ ಷರತ್ತು ಮುಖ್ಯವಾಗಿ ಒಂದೇ: ಅದು ಎಂದೆಂದಿಗೂ ಕಾಡಾಗಿಯೇ ಇರಬೇಕು.

ನಾನು ಆ ಒಂದು ಮೈಲಿಯನ್ನು ಇನ್ನು ನಡೆಯಲಾರೆ. ಮಗ ನಡೆಯಬಹುದು.