‘ಗೃಹಿಣಿ, 49’

ಯುದ್ಧಕಾಲದಲ್ಲಿ ಚರ್ಚಿಲ್ ಏನು ಹೇಳಿದರೆಂಬುದನ್ನು ಇತಿಹಾಸದ ಪುಸ್ತಕಗಳು ತಿಳಿಸುತ್ತವೆ. ಅದನ್ನು ರೇಡಿಯೋದಲ್ಲಿ ಕೇಳಿದ ಸಾಮಾನ್ಯ ಮನೆಯವರು ಏನೆಂದುಕೊಂಡರು? ಯುವಮಿತ್ರರೇ, ಬ್ರಿಟನ್ನಿನಲ್ಲಿ ಅದಕ್ಕೂ ದಾಖಲೆಯಿದೆ.

1937ರಲ್ಲಿ ಟಾಮ್ ಹ್ಯಾರಿಸನ್, ಚಾರ್ಲ್ಸ್ ಮ್ಯಾಜ್, ಹಂಫ್ರಿ ಜೆನಿಂಗ್ಸ್ ಎಂಬ ಮೂವರು ತರುಣರು ‘ಮಾಸ್ ಅಬ್ಸರ್ವೇಷನ್’ ಎಂಬ ಸಂಸ್ಥೆ ಕಟ್ಟಿ, ಜನಸಾಮಾನ್ಯರಿಂದಲೇ ದಿನಚರಿ ಬರೆಸಿದರು. ಹಡಗು ಕಟ್ಟುವ ಊರಾದ ಬ್ಯಾರೋದ ನೆಲ್ಲಾ ಲಾಸ್ಟ್ 1939ರಲ್ಲಿ ಬರೆಯತೊಡಗಿದರು. ಕೊಟ್ಟ ಗುರುತು ‘ಗೃಹಿಣಿ, 49’ ಎಂದಷ್ಟೇ. ಪಡಿತರದಲ್ಲಿ ತೂಗಿಸಬೇಕಾದ ಅಡುಗೆ, ಸೈನ್ಯ ಸೇರಿದ ಕಿರಿಯ ಮಗ, ಮಾತು ಕಡಿಮೆಯ ಗಂಡ, 1941ರ ಬಾಂಬ್ ದಾಳಿಗೆ ಜಖಂಗೊಂಡ ಮನೆ, ಎಲ್ಲವೂ ಅಲ್ಲಿವೆ. ಗೆಲ್ಲುವವರು ಯಾರೆಂದು ತಿಳಿಯದೆಯೇ ಬರೆದದ್ದು ಅದು. ಯಾವ ಪಂಡಿತರ ಗ್ರಂಥಕ್ಕೂ ಈ ಗುಣ ಬಾರದು! ಯುದ್ಧ ಮುಗಿದರೂ ಆಕೆ ನಿಲ್ಲಿಸಲಿಲ್ಲ, 1966ರವರೆಗೂ ಬರೆದರು.

ನಡುವೆ ನಿಂತಿದ್ದ ಜನರ ಬರವಣಿಗೆಯ ಯೋಜನೆ 1981ರಲ್ಲಿ ಮತ್ತೆ ಆರಂಭವಾಯಿತು. ಮರುವರ್ಷದ ಫಾಕ್ಲಂಡ್ ಯುದ್ಧದ ಬಗೆಗೂ ಜನ ಬರೆದು ಕಳಿಸಿದರು. ಸಸೆಕ್ಸ್ ವಿಶ್ವವಿದ್ಯಾಲಯ ಈ ಕಾಗದಗಳನ್ನೆಲ್ಲ ಕಾಪಾಡಿಕೊಂಡು ಬಂದಿದೆ. ಮೇ 12ರಂದು ಒಂದೇ ಒಂದು ದಿನದ ದಿನಚರಿ ಬರೆದು ಕಳಿಸಿರೆಂದು ಇಂದಿಗೂ ಜನರನ್ನು ಕೇಳುತ್ತಾರೆ. 1937ರ ಮೇ 12ರಂದು ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ ನಡೆದಿತ್ತು. ಮೊದಲ ದಿನಚರಿಗಳಲ್ಲಿ ಕೆಲವು ಆ ದಿನದವೇ.